ಅಕ್ಕ ಕೊಯ್ದು ಹಾಕಿದ ಸೀಟುಗಳು

ಮೊಣಕೈಯಿಂದ ಕೆಳಗೆ ಅಕ್ಕನ ಎರಡೂ ಕೈಗಳು ಯಾವಾಗಲೂ ಕೆಂಪಗೆ ಇರುತ್ತಿದ್ದವು. ಗಾಜಿನ ನಾರಿನ ಕಣ್ಣಿಗೆ ಕಾಣದ ಚೂರುಗಳು ಚರ್ಮಕ್ಕೆ ಚುಚ್ಚಿಕೊಂಡು ಆದ ಕೆಂಪು ಅದು. ಕಾರ್ಖಾನೆಗೆ ಹೊರಡುವ ಮುಂಚೆ ಕೈಗೆಲ್ಲ ಪೌಡರ್ ಬಳಿದುಕೊಳ್ಳುತ್ತಿದ್ದರು. ಸಂಜೆ ಬಂದ ಮೇಲೆ ತಣ್ಣೀರಿನಲ್ಲಿ ತೊಳೆದುಕೊಳ್ಳದೆ ಬಿಸಿನೀರು ಮುಟ್ಟುತ್ತಿರಲಿಲ್ಲ. ಬಿಸಿ ತಾಗಿದರೆ ಚೂರುಗಳು ಇನ್ನೂ ಒಳಗೆ ಹೋಗುತ್ತವಂತೆ. ನಮ್ಮ ಓಣಿಯ ಹೆಂಗಸರು ಅದನ್ನು ಚರ್ಮರೋಗವೆಂದೇ ತೀರ್ಮಾನಿಸಿ, ಅವರಿಗೆ ಮದುವೆಯಾಗದಿರುವುದಕ್ಕೆ ಅದೇ ಕಾರಣ ಎಂದು ತಾವೇ ಹೇಳಿ ತಾವೇ ನಂಬಿಬಿಟ್ಟಿದ್ದರು. ನಿಜ ಏನೆಂದು ಕೇಳುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ.

ಅವರು ನನ್ನ ಒಡಹುಟ್ಟಿದವರಲ್ಲ. ಹಿಮಾಯತ್‌ನಗರದಲ್ಲಿ ನಮ್ಮ ಮೇಲಿನ ಮನೆಯವರು. ಅವರ ತಂದೆಯೂ ನಮ್ಮ ತಂದೆಯೂ ಕಲಬುರ್ಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ಬೇರು ಬಿಟ್ಟವರು. ಬೀದಿಗಿಳಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ, ಮೆಟ್ಟಿಲು ಹತ್ತಿದರೆ ಮತ್ತೆ ನಮ್ಮ ಕನ್ನಡ. ಅಕ್ಕ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಉಪ್ಪಲ್‌ನ ಒಂದು ಫೈಬರ್ ಗ್ಲಾಸ್ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದರು. ನಕ್ಷೆ ಬಿಡಿಸುವ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ತಗಡು, ಕಟ್ಟಿಗೆಯ ಜಾಗಕ್ಕೆ ಫೈಬರ್ ಬರತೊಡಗಿದ್ದ ಕಾಲ. ಆಮ್ಲ ತುಂಬುವ ಟ್ಯಾಂಕು, ಕೂಲರಿನ ಮೈ, ಬಸ್ಸಿನ ಸೀಟು, ಎಲ್ಲವನ್ನೂ ನಮ್ಮ ಶೆಡ್ಡಿನಲ್ಲಿ ಅಚ್ಚಿನ ಮೇಲೆ ಕೈಯಿಂದಲೇ ಮಾಡುತ್ತಿದ್ದರು.

ಮೊದಲ ದಿನ ಶೆಡ್ಡಿನ ರೆಸಿನ್ ಎಂಬ ಅಂಟುದ್ರವದ ವಾಸನೆಗೆ ನನಗೆ ತಲೆ ತಿರುಗಿತು. ಅಕ್ಕ ಹೊರಗೆ ಕರೆದುಕೊಂಡು ಹೋಗಿ ಬೇವಿನ ನೆರಳಿನಲ್ಲಿ ಕೂರಿಸಿ, ಪಾಠ ಶುರು ಮಾಡಿಯೇಬಿಟ್ಟರು. ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ಕಲಸುತ್ತಾರಲ್ಲ, ಇದೂ ಅದೇ ಎಂದರು. ಭಾರ ಹೊರುವುದು ನಾರು, ನಾರನ್ನು ಹಿಡಿದು ನಿಲ್ಲಿಸುವುದು ರೆಸಿನ್. ಎರಡೂ ಒಂದಕ್ಕೊಂದು ಕಚ್ಚಿಕೊಂಡರೆ ಕಬ್ಬಿಣಕ್ಕೂ ಬಗ್ಗುವುದಿಲ್ಲ, ಜಂಗು ಹಿಡಿಯುವುದಿಲ್ಲ. ಕಚ್ಚಿಕೊಳ್ಳದಿದ್ದರೆ ಹೊರಗೆ ಹೊಳಪು, ಒಳಗೆ ಟೊಳ್ಳು. ಒಳಗಿನದನ್ನು ಪತ್ತೆ ಮಾಡುವುದಕ್ಕೆ ಅಕ್ಕನ ಬಳಿ ಇದ್ದದ್ದು ಒಂದು ನಾಣ್ಯ. ಮಾಲಿನ ಮೇಲೆ ಅದನ್ನು ತಟ್ಟುತ್ತ ಹೋಗುವರು. ಗಟ್ಟಿಯಾಗಿದ್ದ ಕಡೆ ಚೂಪಾದ ಸದ್ದು, ಪದರ ಬಿಟ್ಟಿದ್ದ ಕಡೆ ಮಂದ ಸದ್ದು. ಮಂದ ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೀಟು. ಗೀಟು ಬಿದ್ದ ಮಾಲು ಗೇಟು ದಾಟುವ ಹಾಗಿಲ್ಲ. ಕೆಲಸಗಾರರು ಅವರನ್ನು ಎದುರಿಗೆ ಮೇಡಂ ಎಂದೂ, ಬೆನ್ನ ಹಿಂದೆ ಸುಣ್ಣದಮ್ಮ ಎಂದೂ ಕರೆಯುತ್ತಿದ್ದರು. ಅಕ್ಕನಿಗೆ ಅದು ಗೊತ್ತಿತ್ತು. ಎರಡನೆಯ ಹೆಸರೇ ಚಲೋ ಇದೆ ಎನ್ನುತ್ತಿದ್ದರು.

ಕಾರ್ಖಾನೆಯ ಮಾಲೀಕರು ಬೀದರ್ ಕಡೆಯವರು. ಪೇಂಟು, ಸಿಮೆಂಟ್ ಶೀಟು ಮಾರುತ್ತಿದ್ದವರು ಈ ಹೊಸ ವ್ಯಾಪಾರಕ್ಕೆ ಕೈ ಹಾಕಿದ್ದರು. ನಮ್ಮ ಕಡೆಯ ಹುಡುಗರಿಗೆ ನೌಕರಿ ಕೊಡುತ್ತಾರೆಂದು ಸಮಾಜದಲ್ಲಿ ದೊಡ್ಡ ಹೆಸರು. ಮದುವೆ, ಮುಂಜಿವೆಗಳಲ್ಲಿ ಮುಂದಿನ ಸಾಲು. ಫೈಬರ್ ಎಂದರೇನು ಎಂದು ತಿಳಿಯುವ ಗೋಜಿಗೆ ಮಾತ್ರ ಅವರು ಎಂದೂ ಹೋಗಲಿಲ್ಲ.

ಆ ವರ್ಷ ಬಸ್ ಬಾಡಿ ಕಟ್ಟುವ ಒಂದು ಕಂಪನಿಯಿಂದ ಸೀಟುಗಳ ದೊಡ್ಡ ಆರ್ಡರ್ ಬಂದಿತ್ತು. ಅದಕ್ಕೆಂದೇ ಹೊರದೇಶದಿಂದ ಒಳ್ಳೆಯ ಗಾಜಿನ ನಾರಿನ ಸುರುಳಿಗಳು ಬಂದವು. ನೋಡಿದರೆ ಬಿಳಿಯ ಹತ್ತಿಯ ಹಾಸಿಗೆಯ ಹಾಗೆ. ಮಾಲೀಕರಿಗೆ ಎಲ್ಲಿಲ್ಲದ ಹೆಮ್ಮೆ. ಆಯುಧಪೂಜೆಯ ದಿನ ಅಚ್ಚುಗಳ ಮುಂದೆ ಆ ಸುರುಳಿಗಳನ್ನೂ ಬಿಚ್ಚಿ ಇಡಿಸಿದರು. ಸುರುಳಿಗಳು ಒಣ ಗೋದಾಮಿನಲ್ಲೇ ಇರಲಿ, ಪೂಜೆ ಅಚ್ಚುಗಳಿಗೆ ಸಾಕು ಎಂದು ಅಕ್ಕ ಮೆಲ್ಲಗೆ ಹೇಳಿ ನೋಡಿದರು. ಮಾಲೀಕರು ನಕ್ಕುಬಿಟ್ಟರು. ಹೊಸ ಮಾಲು ದೇವಿಯ ದೃಷ್ಟಿಗೆ ಬೀಳಬೇಡವೇ? ಸ್ವತಃ ಅವರೇ ಮಾವಿನೆಲೆಯಿಂದ ತೀರ್ಥ ಸಿಂಪಡಿಸಿದರು, ಅಚ್ಚಿನ ಅಂಚಿಗೆ ತೆಂಗಿನಕಾಯಿ ಒಡೆದರು. ಕಾಯಿಯ ನೀರು ಎಲ್ಲೆಲ್ಲಿ ಹಾರಿತೆಂದು ನೋಡುವ ಸಮಯವೇ ಅದು? ಎಲ್ಲರೂ ಪೇಢೆ ತಿಂದು ಮನೆಗೆ ಹೋದೆವು.

ಅಕ್ಕ ಬನ್ನಿ ಕೊಡಲೆಂದು ಕಲಬುರ್ಗಿಗೆ ಹೋದರು. ಹೋಗುವ ಮುಂಚೆ, ಪೂಜೆಗೆ ಇಟ್ಟ ಸುರುಳಿ ಒಣಗುವವರೆಗೆ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದರು. ದಸರೆ ಮುಗಿದ ಮರುದಿನವೇ ಮಾಲೀಕರು ಕೆಲಸ ಶುರು ಮಾಡಿಸಿದರು. ಯಾವ ಸುರುಳಿಯಿಂದ? ಪೂಜೆಯಾದದ್ದೇ ಮೊದಲು ಬಳಕೆಯಾಗಬೇಕಂತೆ, ಅದು ಶುಭವಂತೆ. ಅಕ್ಕ ಮರಳಿ ಬರುವಷ್ಟರಲ್ಲಿ ಶೆಡ್ಡಿನ ತುಂಬ ನೀಲಿ ಸೀಟುಗಳು ಫಳಫಳ ಹೊಳೆಯುತ್ತ ನಿಂತಿದ್ದವು.

ಅಕ್ಕ ಚೀಲವನ್ನೂ ಕೆಳಗಿಡದೆ ಮೊದಲನೆಯ ಸೀಟಿನ ಬೆನ್ನಿಗೆ ನಾಣ್ಯ ತಟ್ಟಿದರು. ಮಂದ ಸದ್ದು. ಎರಡನೆಯದಕ್ಕೂ ಅದೇ. ಬೋಲ್ಟ್ ಕೂರುವ ತೂತುಗಳ ಸುತ್ತಲೂ ಅದೇ. ನಾರಿಗೆ ತೇವ ಹಿಡಿದರೆ ರೆಸಿನ್ ಕಚ್ಚುವುದಿಲ್ಲ. ಇಂಥ ಸೀಟಿನಲ್ಲಿ ಕೂತವರು ಚೆನ್ನಾಗಿಯೇ ಕೂತಿರುತ್ತಾರೆ, ಡ್ರೈವರ್ ಜೋರಾಗಿ ಬ್ರೇಕ್ ಒತ್ತುವ ತನಕ. ಒತ್ತಿದಾಗ ಸೀಟು ಬುಡದಲ್ಲಿ ಸೀಳುತ್ತದೆ, ಮಗು ಎತ್ತಿಕೊಂಡವಳು ಮಗುವಿನ ಸಮೇತ ಮುಂದಿನ ಕಬ್ಬಿಣದ ಸರಳಿಗೆ ಹೋಗಿ ಬಡಿಯುತ್ತಾಳೆ. ಇದನ್ನೆಲ್ಲ ಅಕ್ಕ ಮಾಲೀಕರಿಗೆ ಬಿಡಿಸಿ ಬಿಡಿಸಿ ಹೇಳಿದರು. ಪಕ್ಕದ ಮೇಜಿನಲ್ಲಿದ್ದ ನಾನು ಪೆನ್ಸಿಲ್ ಹಿಡಿದುಕೊಂಡು ಕೇಳುತ್ತಿದ್ದೆ.

ಮಾಲೀಕರ ಮುಖ ಕೆಂಪಾಯಿತು. ಸೀಟು ಕೆಟ್ಟಿದ್ದಕ್ಕಲ್ಲ, ತಮ್ಮ ಪೂಜೆಗೆ ಕುಂದು ಬಂತೆಂದು.

“ದೇವಿ ತೀರ್ಥ ಬಿದ್ದು ಮಾಲು ಕೆಟ್ಟೈತಿ ಅಂತೀರೇನು? ಹೆಣ್ಮಗಳಾಗಿ ಇಂಥ ಮಾತು ಆಡ್ತೀರಲ್ಲ. ಸಹಿ ಮಾಡ್ರಿ, ನಾಳೆ ಲಾರಿ ಬರ್ತೈತಿ.”

“ದೇವಿಗೆ ನಾನೂ ಕೈ ಮುಗಿದೀನ್ರಿ,” ಎಂದರು ಅಕ್ಕ. “ಆದ್ರ ಬಸ್ಸಿನ್ಯಾಗ ಕೂಡೋರು ದೇವಿ ಅಲ್ಲ, ಮಂದಿ. ನಾ ಸಹಿ ಮಾಡಂಗಿಲ್ಲ.”

ಅಕ್ಕನ ಸಹಿ ಇಲ್ಲದೆಯೂ ಮಾಲು ಕಳಿಸಬಹುದು ಎಂದು ಮಾಲೀಕರು ಗುಡುಗಿ ಹೋದರು. ಮರುದಿನ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಅಕ್ಕ ಮುಖಕ್ಕೆ ಬಟ್ಟೆ ಕಟ್ಟಿ, ಕನ್ನಡಕ ಹಾಕಿ, ಅಂಚು ಕೊಯ್ಯುವ ಕಟರ್ ಮಷೀನು ಎತ್ತಿಕೊಂಡರು. ಗೀಟು ಬಿದ್ದ ಒಂದೊಂದು ಸೀಟನ್ನೂ ಬೆನ್ನಿನಿಂದ ಬುಡದವರೆಗೆ ಉದ್ದಕ್ಕೆ ಕೊಯ್ದರು. ತೆಲುಗಿನ ಹಿರಿಯ ಮೇಸ್ತ್ರಿಯೊಬ್ಬರು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಬಂದು, ಯಾರೂ ಹೇಳದೆ, ಸೀಟುಗಳನ್ನು ಅಲ್ಲಾಡದಂತೆ ಹಿಡಿದು ಕೊಡತೊಡಗಿದರು. ಕೊಯ್ದ ಜಾಗ ನಾನೇ ಮುಟ್ಟಿ ನೋಡಿದೆ. ಒಳಗೆ ನಾರು ಬೆಳ್ಳಗೆ, ಬಿಡಿಬಿಡಿಯಾಗಿ ನಿಂತಿತ್ತು. ಉಗುರು ಹಾಕಿದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಲಾರಿ ಬಂದು ಖಾಲಿಯೇ ಹೋಯಿತು. ಅಕ್ಕನನ್ನು ಅಂದೇ ಮನೆಗೆ ಕಳಿಸಿದರು, ಅವರ ಜೊತೆ ಮೇಸ್ತ್ರಿಯನ್ನೂ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟು ಎಂದೋ ಆರುತ್ತಿತ್ತು. ಮುಂದಿನ ಭಾನುವಾರ ಸಮಾಜದ ಹಿರಿಯರು ನಾಲ್ಕು ಮಂದಿ ಮೇಲಿನ ಮನೆಗೆ ಬಂದು, ಉಪ್ಪಿಟ್ಟು ತಿಂದು, ಅಕ್ಕನ ತಂದೆಗೆ ಬುದ್ಧಿ ಹೇಳಿದರು. ಅನ್ನ ಕೊಟ್ಟ ಮನೆಯ ಮಾಲು ಹಾಳು ಮಾಡಿದವಳು, ದೈವನಿಂದೆ ಮಾಡಿದವಳು, ಹೋಗಿ ತಪ್ಪೊಪ್ಪಿಕೊಳ್ಳಲಿ ಎಂದರು. ಸೀಟಿನೊಳಗೆ ಏನಿತ್ತು ಎಂದು ಕೇಳಲಿಲ್ಲ. ಆ ಬಸ್ಸುಗಳಲ್ಲಿ ಓಡಾಡುವವರು ಅವರ ಸೊಸೆಯಂದಿರು, ಮೊಮ್ಮಕ್ಕಳು ಕೂಡ ಎಂಬುದು ಆ ದೊಡ್ಡ ತಲೆಗಳಿಗೆ ಹೊಳೆಯಲಿಲ್ಲ. ಅಕ್ಕ ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು, ತಪ್ಪೊಪ್ಪಿಕೊಳ್ಳಲು ಹೋಗಲಿಲ್ಲ. ಕೊಯ್ದು ಹಾಕುವ ಹೆಂಗಸು ಎಂಬ ಸುದ್ದಿ ಅಕ್ಕನಿಗಿಂತ ಮೊದಲೇ ಎಲ್ಲ ಕಾರ್ಖಾನೆಗಳನ್ನೂ ತಲುಪಿತ್ತು; ಒಬ್ಬರೂ ಕೆಲಸ ಕೊಡಲಿಲ್ಲ. ನಾನು ಬೇರೆ ಕಡೆ ನೌಕರಿ ಹುಡುಕಿಕೊಂಡು ಉಪ್ಪಲ್ ಬಿಟ್ಟೆ. ಅಕ್ಕ ಮನೆಯಲ್ಲೇ ಟ್ಯೂಷನ್ ಹೇಳುತ್ತ ಉಳಿದರು.

ಅವರಿಲ್ಲದೆಯೇ ಆ ವಿದ್ಯೆ ಬೆಳೆಯಿತು. ರೈಲಿನ ಬೋಗಿಗೆ, ಗಾಳಿಯಂತ್ರದ ರೆಕ್ಕೆಗೆ, ವಿಮಾನದ ಮೈಗೆ ನಾರು ಬಂತು; ಗಾಜಿನ ಜಾಗಕ್ಕೆ ಕಾರ್ಬನ್ ಬಂತು. ಪತ್ರಿಕೆಯಲ್ಲಿ ಅಂಥದ್ದೇನಾದರೂ ಓದಿದ ದಿನ ಅಕ್ಕ ನನ್ನನ್ನು ಮೇಲಕ್ಕೆ ಕೂಗುತ್ತಿದ್ದರು. “ಈಗ ಕೈಲೆ ಹಚ್ಚಂಗಿಲ್ಲಂತ ನೋಡು. ಪ್ಲಾಸ್ಟಿಕ್ ಹಾಳಿ ಮುಚ್ಚಿ, ಒಳಗಿನ ಗಾಳಿ ಜಗ್ಗಿ, ರೆಸಿನ್ ತಾನ ಹರಿಯೋ ಹಂಗ ಮಾಡಾಕತ್ತಾರ. ಭಾಳ ಚಂದ ಕೆಲಸ.” ಆ ಮಾತಿನಲ್ಲಿ ಕಹಿಯ ಲೇಶವೂ ಇರುತ್ತಿರಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಅಂಥ ಪ್ರಯೋಗಾಲಯವೊಂದನ್ನು ನಡೆಸಬೇಕಾಗಿದ್ದವರು ಹತ್ತನೇ ಇಯತ್ತೆಯ ಮಕ್ಕಳಿಗೆ ಆಮ್ಲ, ಕ್ಷಾರ ಬಾಯಿಪಾಠ ಮಾಡಿಸುತ್ತಿದ್ದರು.

ತೆಲುಗು ರಾಜ್ಯ ಎರಡಾಗುವ ಮಾತು ಜೋರಾಗಿದ್ದ ಒಂದು ಚಳಿಗಾಲದಲ್ಲಿ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಸಂತಾಪ ಹೇಳಲು ಬಂದವರಲ್ಲಿ ಮಾಲೀಕರೂ ಇದ್ದರು. ವಯಸ್ಸಾಗಿತ್ತು, ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ತಂಗಿ ಇದ್ದ ಹಾಗೆ ಇದ್ದಳು ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಚಹಾ ಕುಡಿಯುತ್ತ, ಸುತ್ತ ಕೂತವರಿಗೆಲ್ಲ ಕೇಳುವಂತೆ ಹೇಳಿದರು.

“ಸುಮ್ಮನ ಹಟ ಮಾಡಿ ಬಾಳೇ ಹಾಳು ಮಾಡ್ಕೊಂಡ್ಳು. ಆ ಸೀಟಿನಿಂದ ಯಾರಿಗೇನಾತು? ಒಬ್ಬರಿಗಾದ್ರೂ ಗಾಯ ಆತೇನು?”

ಕೂತವರು ತಲೆಯಾಡಿಸಿದರು. ಹೌದಲ್ಲ, ಯಾರಿಗೂ ಏನೂ ಆಗಲಿಲ್ಲ.

ನಾನು ಎದ್ದು ನಿಂತೆ. “ಆಗಲಿಲ್ರಿ,” ಎಂದೆ. “ಯಾಕ ಆಗಲಿಲ್ಲ ಅಂತ ನಿಮಗ ಗೊತ್ತೈತಿ. ಇಲ್ಲಿ ಕೂತೋರಿಗೂ ಈಗ ನೀವ ಹೇಳ್ರಿ.”

ಅವರು ಮಗನ ಮುಖ ನೋಡಿದರು. ಮಗನ ಕೈ ಹಿಡಿದು ಮೆಟ್ಟಿಲು ಇಳಿದರು. ಅವರು ಹೇಳದ್ದನ್ನು ನಾನು ಬರೆದೆ.