ಮೊದಲು ಹೋಗಬೇಕಾದವರು

ಅತ್ತೆಯವರ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಕೊಯಮತ್ತೂರಿನ ಡಾಕ್ಟರು ಮೂರು ವಾರ ಟಿವಿ ನೋಡಬೇಡಿ ಎಂದರು. ಅತ್ತೆ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡೇ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕುಳಿತರು.

"ನಿನ್ ಹತ್ರ ಕಥೆ ಪುಸ್ತಕ ಇದೆಯಲ್ಲ ಅಮ್ಮಣಿ, ಒಂದು ಓದಿ ಹೇಳು. ಸುಮ್ನೆ ಕುಂತು ಕುಂತು ತಲೆ ಕೆಟ್ಟು ಪೈತ್ಯ ಹಿಡೀತದೆ."

ತಮಿಳುನಾಡಿನ ಅವಿನಾಶಿಯ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಮಾತಾಡುತ್ತಾರೆ, ಆದರೆ ಓದಲು ಬರುವುದು ನನಗೊಬ್ಬಳಿಗೆ. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಬರುವಾಗ ಸೀರೆಗಳ ನಡುವೆ ಏಳೆಂಟು ಪುಸ್ತಕ ಇಟ್ಟುಕೊಂಡು ಬಂದಿದ್ದೆ. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಒಂದು ಹಳೆಯ ಕಾದಂಬರಿ. ಅದು ಅಜ್ಜಿಯ ಕಾಲದ್ದು, ರಟ್ಟು ಹರಿದುಹೋಗಿ ಅದರ ಹೆಸರೇನೆಂದು ನನಗೂ ಗೊತ್ತಿರಲಿಲ್ಲ. ಮೂರು ವಾರಕ್ಕೆ ಸಾಕಾಗುತ್ತದೆಂದು ಅದನ್ನೇ ತೆಗೆದೆ.

ಎಣ್ಣೆ ಗಾಣಗಳಿಂದ ಮೇಲೆ ಬಂದ ಒಬ್ಬ ಸಾಹುಕಾರನ ಕಥೆ ಅದು. ಅವನಿಗೆ ಬಾಲ್ಯದ ಗೆಳೆಯನೊಬ್ಬ, ಬಡ ಶಾಲಾ ಮೇಷ್ಟ್ರು. ಊರಿನ ದೊಡ್ಡವರೆಲ್ಲ ಸೇರಿದ್ದ ಒಂದು ದಿನ, ಸಲುಗೆಯಿಂದ ಹೆಗಲ ಮೇಲೆ ಕೈಯಿಟ್ಟ ಮೇಷ್ಟ್ರಿಗೆ ಸಾಹುಕಾರ ಎಲ್ಲರೆದುರು ಚುಚ್ಚಿ ಮಾತಾಡುತ್ತಾನೆ. ಮೇಷ್ಟ್ರು ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಮೇಷ್ಟ್ರನ್ನು ಅತ್ತೆ 'ವಾತ್ಯಾರು' ಎನ್ನುತ್ತಿದ್ದರು. ಪುಸ್ತಕದ ಕನ್ನಡ ಕೆಲವೆಡೆ ಅವರಿಗೆ ಹತ್ತುತ್ತಿರಲಿಲ್ಲ. ಆಗ ನಾನು ನಮ್ಮ ಮನೆಮಾತಿನಲ್ಲಿ ಬಿಡಿಸಿ ಹೇಳಬೇಕು. ಅರ್ಥವಾದ ಕೂಡಲೇ ಅವರ ತೀರ್ಪು ಬರುತ್ತಿತ್ತು.

"ಸಾಹುಕಾರ ಮಾಡಿದ್ದು ಸರಿ. ಅಷ್ಟು ಜನದ ಮುಂದೆ ಹೆಗಲ ಮೇಲೆ ಕೈ ಹಾಕಬಹುದಾ ಆ ವಾತ್ಯಾರು? ಬೇಕಾದ್ರೆ ಅವನೇ ವಾಪಸ್ ಬರ್ಲಿ."

ನಾನು ಪುಟ ತಿರುಗಿಸಿ ಮುಂದೆ ಓದುತ್ತಿದ್ದೆ. ಎದುರು ವಾದಿಸದಿರುವುದಕ್ಕೆ ಕಾರಣವಿತ್ತು.

ನಮ್ಮ ಮನೆಯವರು ಒಂದು ಕಾಲಕ್ಕೆ ನಾಲ್ಕು ಮಗ್ಗ ಇಟ್ಟುಕೊಂಡು ಜೀವನ ಮಾಡಿದವರು. ಮಾವನವರು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಶುರು ಮಾಡಿದ ಮೇಲೆ ವ್ಯಾಪಾರ ಕೈ ಹಿಡಿಯಿತು, ಈ ದೊಡ್ಡ ಮನೆ ಎದ್ದಿತು. ಗೃಹಪ್ರವೇಶದ ಹೊತ್ತಿಗೆ ನಾನು ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಮುಂದಿನ ಹಾಲ್‌ನಲ್ಲಿ ಮಾವನವರ ವ್ಯಾಪಾರದ ಜನ, ಅವರ ಹೆಂಡತಿಯರು, ಅವರ ರೇಷ್ಮೆ ಸೀರೆಗಳು. ಅತ್ತೆಯವರ ತಂಗಿ ಮೆಟ್ಟುಪಾಳ್ಯದಿಂದ ಬೆಳಗಿನ ಬಸ್ಸು ಹಿಡಿದು ಬಂದರು. ಮಾಸಿದ ನೂಲಿನ ಸೀರೆ, ಕೈಯಲ್ಲಿ ಒಂದು ಚೀಲ ತರಕಾರಿ. ನೇರವಾಗಿ ಬಂದು ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತರು. ಅತ್ತೆ ನನ್ನನ್ನು ಕಣ್ಣಲ್ಲೇ ಕರೆದು ಕಿವಿಯಲ್ಲಿ ಹೇಳಿದರು: "ಅವಳನ್ನ ಹಿಂದೆ ಕರ್ಕೊಂಡು ಹೋಗಿ ಊಟಕ್ಕೆ ಹಾಕು."

ನಾನು ಕರೆದುಕೊಂಡು ಹೋದೆ. "ಚಿಕ್ಕತ್ತೆ, ಬನ್ನಿ, ಅಲ್ಲಿ ಗಾಳಿ ಚೆನ್ನಾಗಿದೆ" ಎಂದು ಒಂದು ಸುಳ್ಳನ್ನೂ ಸೇರಿಸಿದೆ. ಹಿತ್ತಲ ಬದಿಯಲ್ಲಿ ಪಾತ್ರೆ ತೊಳೆಯುವವರು ಊಟಕ್ಕೆ ಕುಳಿತಿದ್ದರು. ಚಿಕ್ಕತ್ತೆ ಆ ಸಾಲನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಎಲೆ ಹಾಗೇ ಇತ್ತು, ಅವರಿರಲಿಲ್ಲ. ಅದಾಗಿ ಒಂಬತ್ತು ವರ್ಷ. ನೆಂಟರ ಮದುವೆಗಳಲ್ಲಿ ಅಕ್ಕತಂಗಿಯರು ಬೇರೆ ಬೇರೆ ಸಾಲಿನಲ್ಲಿ ಕುಳಿತು ಬರುತ್ತಿದ್ದರು, ಅಷ್ಟೇ. "ಅವಳಿಗೆ ತಿಮಿರು" ಎಂದು ಅತ್ತೆ ಹೇಳುವರು. ಸೊಕ್ಕು ಎಂಬುದಕ್ಕೆ ನಮ್ಮ ಮನೆಯ ಮಾತು ಅದು.

ಓದು ಎರಡನೆಯ ವಾರಕ್ಕೆ ಬಂತು. ಸಾಹುಕಾರನಿಗೆ ವಯಸ್ಸಾಗಿದೆ, ತಪ್ಪು ತನ್ನದೆಂದು ಗೊತ್ತಾಗಿದೆ. ಗೆಳೆಯನಿಗೆ ಕಾಗದ ಬರೆಯುತ್ತಾನೆ. ತಾನೇ ಮೊದಲು ಬರೆದೆನೆಂದರೆ ಜನ ಏನೆಂದಾರು ಎಂದು ಅದನ್ನು ಪೆಟ್ಟಿಗೆಯಲ್ಲಿಡುತ್ತಾನೆ. ವರ್ಷ ಬಿಟ್ಟು ಇನ್ನೊಂದು ಬರೆಯುತ್ತಾನೆ, ಅದೂ ಪೆಟ್ಟಿಗೆಗೇ ಹೋಗುತ್ತದೆ. ಅಷ್ಟರಲ್ಲಿ ಮೇಷ್ಟ್ರಿಗೆ ಕಾಯಿಲೆಯೆಂದು ಯಾರೋ ಸುದ್ದಿ ತರುತ್ತಾರೆ.

"ನಿಲ್ಸು" ಎಂದರು ಅತ್ತೆ.

ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿದೆ. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಕಾಣುತ್ತಿರಲಿಲ್ಲ.

"ಬೇಕಂತಲೇ ಈ ಪುಸ್ತಕ ತೆಗೆದ್ಯಾ ನೀನು?"

"ಇಲ್ಲ ಅತ್ತೆ. ದಪ್ಪ ಇದೆ ಅಂತ ತೆಗೆದೆ. ಆದ್ರೆ ಓದ್ತಾ ಓದ್ತಾ ನನಗೂ ಅದೇ ನೆನಪಾಯ್ತು. ಬಿಟ್ಟುಬಿಡೋಣ ಅನ್ನಿಸ್ತು, ಬಿಡ್ಲಿಲ್ಲ."

ಬೈಯುತ್ತಾರೆಂದುಕೊಂಡೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಆ ವಾತ್ಯಾರು ಸತ್ತುಹೋಗ್ತಾನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಕೈ ಅಡ್ಡ ಹಿಡಿದರು. "ಬೇಡ, ಹೇಳ್ಬೇಡ. ಮುಚ್ಚಿಡು." ಕೊನೆ ಏನಾಯಿತೆಂದು ಅವರು ಇವತ್ತಿನವರೆಗೂ ಕೇಳಿಲ್ಲ, ನಾನೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಮೆಟ್ಟುಪಾಳ್ಯಕ್ಕೆ ಹೋಗೋಣ, ಬಾ." ನನ್ನವರು ಕಾರು ತೆಗೆಯಲು ಹೋದರೆ ಬೇಡವೆಂದರು. "ಕಾರಲ್ಲಿ ಇಳಿದ್ರೆ ತೋರ್ಸಕ್ಕೆ ಬಂದ ಹಾಗಿರುತ್ತೆ." ಅನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕುಳಿತು ಅತ್ತೆ ತುಟಿ ಅಲ್ಲಾಡಿಸುತ್ತಿದ್ದರು. ಮೊದಲು ಮಂತ್ರವೆಂದುಕೊಂಡೆ. ಆಮೇಲೆ ತಿಳಿಯಿತು, ತಂಗಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದರು.

ಚಿಕ್ಕತ್ತೆಯ ಮನೆ ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿತ್ತು. ಬಾಗಿಲು ತೆರೆದಿತ್ತು. ಅವರು ಹೊಲಿಗೆ ಮೆಷಿನ್ನಿನ ಮುಂದೆ ಕುಳಿತು ಯಾರದೋ ರವಿಕೆ ಹೊಲಿಯುತ್ತಿದ್ದರು. ತಲೆಯೆತ್ತಿ ನೋಡಿದವರೇ ಕಾಲು ನಿಲ್ಲಿಸಿದರು.

"ಕಣ್ಣಿಗೆ ಏನಾಯ್ತಕ್ಕ?"

"ಆಪರೇಷನ್."

"ಆಪರೇಷನ್ ಆಗಿ ಈ ಬಿಸ್ಲಲ್ಲಿ ಬಂದ್ಯಾ? ಬಸ್ಸಲ್ಲಾ? ಕಾರ್ ಏನಾಯ್ತು?"

"ಕಾರಿದೆ. ನಾನೇ ಬೇಡ ಅಂದೆ." ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಗಿರಬೇಕು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಆಚೆಯೇ ನಿಂತು ಅತ್ತೆ ಹೇಳಿದರು: "ಅವತ್ತು ನಿನ್ನನ್ನ ಹಿಂದೆ ಕಳಿಸಿದ್ದು ತಪ್ಪು ಕಣೇ. ನಿನ್ ಸೀರೆ ನೋಡಿ ನನಗೆ ನಾಚ್ಕೆ ಆಯ್ತು. ಅದೇ ನಿಜ."

ಇಷ್ಟು ನೇರವಾಗಿ ಹೇಳುತ್ತಾರೆಂದು ನಾನೂ ಎಣಿಸಿರಲಿಲ್ಲ. ಚಿಕ್ಕತ್ತೆ ಎದ್ದು ಬಂದು ಅಕ್ಕನ ಮೊಣಕೈ ಹಿಡಿದು ಒಳಗೆಳೆದರು.

"ಎರಡು ದಿನ ಅಳ್ತಾ ಇದ್ದೆ, ಆಮೇಲೆ ಕೋಪ ಹೋಯ್ತು. ಎಷ್ಟೋ ಸಲ ಬರೋಣ ಅಂತ ಬಸ್ ಸ್ಟ್ಯಾಂಡ್‌ವರೆಗೂ ಹೋದೆ. ಅಕ್ಕನ ಹತ್ರ ಕಾಸು ಸೇರಿದೆ ಅಂತ ಅಂಟಿಕೊಂಡು ಬಂದ್ಲು ಅಂತಾರೇನೋ ಅಂತ ತಿರುಗಿ ಬಂದೆ. ನಿನ್ನೊಬ್ಬಳದ್ದೇ ತಪ್ಪು ಅನ್ಬೇಡ."

ಅತ್ತೆಗೆ ಅಳು ಬಂತು. ಚಿಕ್ಕತ್ತೆ ಗಾಬರಿಯಾದರು. "ಅಯ್ಯೋ, ಅಳ್ಬೇಡಕ್ಕ, ಕಣ್ಣು ಕೆಡುತ್ತೆ!" ಎಂದು ಗದರಿಸಿ, ಅವರೇ ಅಳತೊಡಗಿದರು.

ಚಿಕ್ಕತ್ತೆ ಕಾಫಿಗೆ ಹಾಲಿಡಲು ಒಳಗೆ ಹೋದಾಗ ನಾನೂ ಹಿಂದೆ ಹೋದೆ. ಒಂಬತ್ತು ವರ್ಷದಿಂದ ನಾನೂ ಹೇಳಬೇಕಾದ ಒಂದು ಮಾತು ಉಳಿದಿತ್ತು. "ಚಿಕ್ಕತ್ತೆ, ಗಾಳಿ ಚೆನ್ನಾಗಿದೆ ಅಂತ ನಿಮಗೆ ಸುಳ್ಳು ಹೇಳಿದ್ದು ನಾನು" ಎಂದೆ.

ಅವರು ಸ್ಟವ್ ಸಣ್ಣ ಮಾಡಿ ನನ್ನತ್ತ ತಿರುಗಿದರು. "ನೀನು ಆಗ ಮೊನ್ನೆ ಮೊನ್ನೆ ಬಂದ ಹುಡುಗಿ. ಅಕ್ಕ ನಿನ್ ಕಿವೀಲಿ ಹೇಳಿದ್ದನ್ನ ನಾನು ನೋಡಿದ್ದೆ. ಲೋಟ ತೊಳ್ಕೊಡು." ತೊಳೆದುಕೊಟ್ಟೆ. ಎಷ್ಟೋ ದಿನದ ತಲೆನೋವು ಇಳಿದ ಹಾಗಾಯಿತು.

ಒಂದು ಹೊತ್ತಿಗೆಂದು ಹೋದವರು ಮೂರು ದಿನ ಉಳಿದೆವು. ಎರಡನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ದೊಡ್ಡ ದನಿ ಕೇಳಿ, ಮತ್ತೆ ಮುನಿಸೇನೋ ಎಂದು ಓಡಿದೆ. ತಮ್ಮ ತಾಯಿ ಹುರುಳಿ ಸಾರಿಗೆ ಬೆಳ್ಳುಳ್ಳಿಯನ್ನು ಸುಟ್ಟು ಹಾಕುತ್ತಿದ್ದರೋ ಹಸಿಯಾಗಿ ಅರೆದು ಹಾಕುತ್ತಿದ್ದರೋ ಎಂದು ಅಕ್ಕತಂಗಿ ಇಬ್ಬರೂ ಜಗಳವಾಡುತ್ತಿದ್ದರು. ಯಾರೂ ಸೋಲಲು ತಯಾರಿರಲಿಲ್ಲ. ನಾನು ಒಳಗೆ ಬಂದು, ಇನ್ನೊಂದು ಗಂಟೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.