ಪರೀಕ್ಷೆಗಷ್ಟೇ ಬರೆದ ಲಸಿಕೆ

ನಾನು ಪಾಠ ಮಾಡುವ ನರ್ಸಿಂಗ್ ಕಾಲೇಜಿನಲ್ಲಿ ಇಂಜೆಕ್ಷನ್ ಕಲಿಸುವ ವಾರ ಬಂತೆಂದರೆ ಲ್ಯಾಬಿನ ತುಂಬ ಮೋಸಂಬಿಯ ವಾಸನೆ. ಹುಡುಗಿಯರು ಮೊದಲು ಮೋಸಂಬಿಗೆ ಚುಚ್ಚಿ ಕೈ ಪಳಗಿಸಿಕೊಳ್ಳುತ್ತಾರೆ, ಮನುಷ್ಯರ ಸರದಿ ಆಮೇಲೆ. ಮೊನ್ನೆ ಆ ವಾಸನೆಯ ನಡುವೆಯೇ ನಿಂತು ಎಚ್‌ಪಿವಿ ಲಸಿಕೆಯ ಬಗ್ಗೆ ಪ್ರಶ್ನೆ ಕೇಳಿದೆ. ಯಾವ ಕ್ಯಾನ್ಸರ್ ತಡೆಯುತ್ತದೆ, ಯಾವ ವಯಸ್ಸಿಗೆ ಹಾಕಬೇಕು, ಎಲ್ಲಿ ಚುಚ್ಚಬೇಕು, ಎಲ್ಲದಕ್ಕೂ ಪಟಪಟನೆ ಉತ್ತರ ಬಂತು. ಪಾಠ ಚೆನ್ನಾಗಿಯೇ ಮಾಡಿದ್ದೇನೆ ಅಂದುಕೊಂಡು, ಆ ಹುಮ್ಮಸ್ಸಿನಲ್ಲಿ ಇನ್ನೊಂದು ಕೇಳಿಬಿಟ್ಟೆ: ನಿಮ್ಮಲ್ಲಿ ಯಾರು ಯಾರು ಹಾಕಿಸಿಕೊಂಡಿದ್ದೀರಿ? ಹಿಂದಿನ ಸಾಲಿನಲ್ಲಿ ಮಟಮಾರಿಯ ಹುಡುಗಿಯೊಬ್ಬಳು ಕೈ ಎತ್ತಿದಳು, ಅದೂ ಕಿವಿಯ ಮಟ್ಟಕ್ಕೆ. ಉಳಿದವರೆಲ್ಲ ತಿರುಗಿ ಅವಳನ್ನೇ ನೋಡಿದರು. ಆ ನೋಟದ ಗುರುತು ನನಗೆ ಚೆನ್ನಾಗಿದೆ. ಇದೇ ರಾಯಚೂರಿನಲ್ಲಿ ನಾನು ಓದುತ್ತಿದ್ದಾಗ ಸುಜಾತಾಳನ್ನು ಹಾಗೇ ನೋಡಿದ್ದೆ.

ಸುಜಾತಾ ಹಾಸ್ಟೆಲ್‌ನಲ್ಲಿ ನನ್ನ ರೂಮಿನವಳು, ಮಾನ್ವಿ ಕಡೆಯ ಬಾಗಲವಾಡದವಳು. ಅವಳ ಅವ್ವ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕೂಲಿಗೆ ಹೋಗುತ್ತಿದ್ದಳು. ನನ್ನದು ದೇವದುರ್ಗ, ಬಜಾರಿನಲ್ಲಿ ಅಪ್ಪನ ಕಿರಾಣಿ ಅಂಗಡಿ, ಮನೆಯಲ್ಲಿ ಎರಡು ಹೊತ್ತು ಲಿಂಗಪೂಜೆ, ಕಪಾಟಿನ ತುಂಬ ಬಟ್ಟೆ. ಲೆಕ್ಕದ ಪ್ರಕಾರ ಹೊಟ್ಟೆಕಿಚ್ಚು ಪಡಬೇಕಾದವಳು ಅವಳು. ಆದರೆ ನನಗೆ ಈ ವಿಷಯದಲ್ಲಿ ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ಅವಳು ಚುಚ್ಚಿದರೆ ಮೋಸಂಬಿಯಿಂದ ಒಂದು ಹನಿ ಸೋರುತ್ತಿರಲಿಲ್ಲ, ಅದಕ್ಕೂ ಉರಿದಿದ್ದೇನೆ. ಅವಳಿಗೆ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬರುತ್ತಿತ್ತು, ಅದಕ್ಕೂ. ಇವೆಲ್ಲ ಸಣ್ಣ ಪುಟ್ಟವು ಬಿಡಿ. ನನ್ನನ್ನು ನಿಜವಾಗಿ ಸುಟ್ಟದ್ದು ಅವಳ ಅವ್ವ.

ಆ ಹೆಣ್ಣುಮಗಳು ಭಾನುವಾರ ಬಸ್ಸು ಹತ್ತಿ ಬರುತ್ತಿದ್ದಳು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇದ್ದ ಗಂಟನ್ನು ಬಿಚ್ಚುವ ಮೊದಲೇ ಹಾಸ್ಟೆಲ್ ಮೆಟ್ಟಿಲ ಮೇಲೆ ಕುಳಿತು, ಈ ವಾರ ಏನು ಕಲಿತೆ ಹೇಳು ಅನ್ನುವಳು. ಶಾಲೆಯ ಮುಖ ನೋಡಿದವಳಲ್ಲ. ಅದಕ್ಕೇ ಇರಬೇಕು, ಮಗಳು ಕಲಿತದ್ದೆಲ್ಲ ತನಗೂ ಬೇಕು. ಸುಜಾತಾ ನಾಚದೆ ಒಪ್ಪಿಸುವಳು. ಗಾಯ ತೊಳೆಯುವುದು, ಬಿಪಿ ನೋಡುವುದು ಸರಿ. ಹೆರಿಗೆಯ ಪಾಠವನ್ನೂ ಆ ಮೆಟ್ಟಿಲ ಮೇಲೆ ದೊಡ್ಡ ದನಿಯಲ್ಲೇ ಹೇಳಿದಳು. ಗೇಟಿನ ವಾಚ್‌ಮನ್ ಎದ್ದು ರಸ್ತೆಯಾಚೆಯ ಚಹಾದಂಗಡಿಗೆ ಹೋಗಿಬಿಟ್ಟ. ನಾನು ಪಕ್ಕದಲ್ಲಿ ಕುಳಿತು, ಕೊಟ್ಟ ರೊಟ್ಟಿ ತಿನ್ನುತ್ತ, ಕೇಳಿಸದವಳಂತೆ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆಕೆ ಅರ್ಧ ತಪ್ಪು ತಿಳಿಯುತ್ತಿದ್ದಳು, ತಿಳಿದದ್ದನ್ನೂ ಮುಂದಿನ ವಾರ ಮರೆಯುತ್ತಿದ್ದಳು. ಆದರೂ ಕೇಳುವುದು ಬಿಡಲಿಲ್ಲ.

ಗರ್ಭಕಂಠದ ಕ್ಯಾನ್ಸರಿನ ಪಾಠವಾದ ವಾರವೂ ಹಾಗೇ ಬಂದಳು. ಗರ್ಭಚೀಲಕ್ಕೂ ಒಂದು ಬಾಯಿ ಇರುತ್ತದೆ, ಅಲ್ಲಿ ಈ ಜಡ್ಡು ಬರುತ್ತದೆ, ತಡೆಯಲು ಈಗ ಲಸಿಕೆ ಬಂದಿದೆ ಎಂದು ಸುಜಾತಾ ವಿವರಿಸಿದಳು. ಆಕೆ ಮಗಳ ಕಡೆ ಪೂರ್ತಿ ತಿರುಗಿ ಕುಳಿತಳು. ಆಮೇಲೆ ಕೇಳಿದಳು.

“ನೀ ಹಾಕ್ಸಿಗೊಂಡಿಯೇನು?”

“ಇಲ್ಲಬೇ.”

“ಮತ್ತ ಕಲ್ತು ಏನ್ ಮಾಡ್ದಿ?”

ಅಷ್ಟೇ. ಬೈದದ್ದೂ ಅಲ್ಲ, ಹೀಯಾಳಿಸಿದ್ದೂ ಅಲ್ಲ. ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಒಳ್ಳೆಯದೆಂದು ತಿಳಿದ ಮೇಲೆ ಮಾಡಿಸಿಕೊಳ್ಳದೆ ಇರುವುದು ಹೇಗೆ ಸಾಧ್ಯ ಎಂಬಂತೆ ನನ್ನ ಮುಖವನ್ನೂ ನೋಡಿದಳು. ನಾನು ರೊಟ್ಟಿ ನೋಡಿದೆ. ಕೆಲವು ವಾರಗಳ ಮೇಲೆ ಮಗಳನ್ನು ಕರೆದುಕೊಂಡು ಡಾಕ್ಟರರ ಬಳಿಗೆ ಹೋದಳು. ಆಗ ಆ ಸೂಜಿ ಬಲು ತುಟ್ಟಿ. ಹೇಗೆ ಹೊಂದಿಸಿದಳೋ ನಾನು ಕೇಳಲಿಲ್ಲ. ಕೇಳಿದ್ದರೆ ಹೊಟ್ಟೆಕಿಚ್ಚು ಪಡುವುದು ಕಷ್ಟವಾಗುತ್ತಿತ್ತು.

ಸುಜಾತಾ ತೋಳು ಉಜ್ಜಿಕೊಳ್ಳುತ್ತ ಬಂದ ದಿನ ಹಾಸ್ಟೆಲ್‌ನಲ್ಲಿ ಗುಸುಗುಸು ಎದ್ದಿತು. ಲಗ್ನವಾಗದವಳಿಗೆ ಇದೇಕೆ ಬೇಕಾಯಿತು ಎಂದು ಕವಿತಾಳ ಊರಿನ ಹುಡುಗಿ ಕೇಳಿದಳು. ಇನ್ನೊಬ್ಬಳು, ಏನೋ ಇರಬೇಕು, ಸುಮ್ಮನೆ ಯಾರು ಚುಚ್ಚಿಸಿಕೊಳ್ಳುತ್ತಾರೆ ಅಂದಳು. ಇವರೆಲ್ಲ ಯಾರು ಅಂದುಕೊಂಡಿರಿ? ಲಗ್ನಕ್ಕೆ ಮೊದಲೇ, ಚಿಕ್ಕ ವಯಸ್ಸಿನಲ್ಲೇ ಹಾಕಿಸಬೇಕು ಎಂದು ಟೆಸ್ಟಿನಲ್ಲಿ ಅಡಿಗೆರೆ ಎಳೆದು ಬರೆದವರು. ನಾನಂತೂ ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದೆ. ನಮ್ಮ ಮಟ್ಟಿಗೆ ಲಸಿಕೆ ಪುಸ್ತಕದಲ್ಲಿರುವ ಯಾವುದೋ ಹುಡುಗಿಗೆ. ನಾವು ಅದನ್ನು ಹಾಕುವವರು, ಹಾಕಿಸಿಕೊಳ್ಳುವವರಲ್ಲ.

ನನಗೆ ಅನುಮಾನವಿರಲಿಲ್ಲ, ಏಕೆಂದರೆ ಮೆಟ್ಟಿಲ ಮೇಲಿನ ಮಾತು ಕೇಳಿದ್ದೆ. ನನಗಿದ್ದದ್ದು ಬರೀ ಉರಿ. ಲಸಿಕೆಗಾಗಿ ಅಲ್ಲ. ಕೇಳುವ ಅವ್ವ ಇದ್ದಾಳಲ್ಲ, ಅದಕ್ಕೆ.

ರಜೆಗೆ ದೇವದುರ್ಗಕ್ಕೆ ಹೋದಾಗ ನಾನೂ ಒಂದು ಪ್ರಯತ್ನ ಮಾಡಿದೆ. ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳು ಕೇಳದಿದ್ದರೇನು, ನಾನೇ ಹೇಳುತ್ತೇನೆ ಎಂದು ಶುರು ಮಾಡಿದೆ. ಗರ್ಭಚೀಲ ಅಂದೆ, ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಅದರ ಬಾಯಿ ಅಂದೆ, ಇನ್ನೂ ಜೋರಾಯಿತು. ನನಗೂ ಒಂದು ಹಾಕಿಸು ಅನ್ನುವ ಹೊತ್ತಿಗೆ ರೊಟ್ಟಿ ಹರಿದು ಕೈಗೆ ಬಂತು. ಅವ್ವ ಪಡಸಾಲೆಯ ಕಡೆ ನೋಡಿದಳು, ಅಪ್ಪ ಅಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

“ಪರೀಕ್ಷಾಕ್ಕ ಬೇಕಂದ್ರ ಬರಿಯವ್ವಾ,” ಅಂದಳು ಸಣ್ಣ ದನಿಯಲ್ಲಿ. “ಮನ್ಯಾಗ ಅಂಥಾ ಮಾತು ಬ್ಯಾಡ.”

ನಾನು ಬರೆದೆ. ಪರೀಕ್ಷೆಯಲ್ಲೂ ಬರೆದೆ, ಕೋರ್ಸು ಮುಗಿದ ಕೂಡಲೇ ಲಗ್ನವಾಗಿ ರಾಯಚೂರಿಗೇ ಬಂದೆ, ಮಗಳಾದಳು, ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದೆ. ಸುಜಾತಾ ಮಾನ್ವಿಯಲ್ಲಿ ಸ್ಟಾಫ್ ನರ್ಸ್ ಆದಳು. ಅಪರೂಪಕ್ಕೆ ಯಾವುದಾದರೂ ಮದುವೆಯಲ್ಲಿ ಸಿಗುತ್ತಾಳೆ, ಪಕ್ಕದಲ್ಲಿ ಅವಳ ಅವ್ವ. ಆಕೆಗೆ ಹಲ್ಲು ಹೋಗಿವೆ, ಪ್ರಶ್ನೆ ಹೋಗಿಲ್ಲ. ಈಗ ಏನು ಕಲಿಸುತ್ತೀ ಎಂದು ನನ್ನನ್ನೇ ಕೇಳುತ್ತಾಳೆ. ಅಂಥ ದಿನ ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಸದ್ದು ಮಾಡಿಯೇ ತೊಳೆಯುತ್ತೇನೆ. ಗಂಡನಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ.

ಲ್ಯಾಬಿನಲ್ಲಿ ಆ ಹುಡುಗಿ ಕೈ ಎತ್ತಿದ ವಾರವೇ ನನ್ನ ಮಗಳಿಗೆ ಲಸಿಕೆ ಹಾಕಿಸುವುದಿತ್ತು. ದೇವದುರ್ಗದಲ್ಲಿ ಅಣ್ಣನ ಮನೆಯಲ್ಲಿರುವ ಅವ್ವ, ಕಣ್ಣು ತೋರಿಸಲೆಂದು ನಮ್ಮಲ್ಲಿಗೆ ಬಂದಿದ್ದಳು. ಅಜ್ಜಿಯೂ ಬರಲೇಬೇಕು ಎಂದು ಮಗಳು ಕೈ ಹಿಡಿದು ಎಳೆದಳು. ಆಟೋದಲ್ಲಿ ಅವ್ವ ಎಲ್ಲಿಗೆ, ಯಾತಕ್ಕೆ ಎಂದು ಕೇಳಿದಳು. ಮಗಳು ತಡಮಾಡಲಿಲ್ಲ. ಶಾಲೆಯಲ್ಲಿ ಟೀಚರ್ ಹೇಳಿದ್ದನ್ನು ಹಾಗೆ ಹಾಗೇ ಹೇಳತೊಡಗಿದಳು: ಗರ್ಭಚೀಲ, ಅದರ ಬಾಯಿ, ಅಲ್ಲಿ ಸೇರುವ ವೈರಸ್. ಆಟೋದವನ ಕಿವಿ ಹಿಂದಕ್ಕೇ ಇತ್ತು. ನಾನು ಅವ್ವನ ಕೈ ನೋಡುತ್ತಿದ್ದೆ, ಬಡಿಯಲು ರೊಟ್ಟಿಯಾದರೂ ಎಲ್ಲಿತ್ತು. ಅವಳು ಮಗಳ ಕಡೆ ವಾಲಿ, ಹೌದಾ, ಆಮೇಲೆ, ಅನ್ನುತ್ತಿದ್ದಳು.

ನಿಮಗೆ ಹೇಳಲು ನಾಚಿಕೆಯೇನಿಲ್ಲ, ಹೆತ್ತ ಮಗಳ ಮೇಲೆ ನನಗೆ ಹೊಟ್ಟೆ ಉರಿಯಿತು. ಸುಜಾತಾಳ ಮೇಲೆ ಉರಿದದ್ದು ಏನೂ ಅಲ್ಲ. ಅದು ಬೇರೆಯವರ ಅವ್ವ. ಇದು ನನ್ನ ಅವ್ವ, ನನಗೆ ಕಿವಿ ಮುಚ್ಚಿಕೊಂಡವಳು, ಈಗ ಈ ಎರಡು ಜಡೆಯ ಹುಡುಗಿಗೆ ಕಿವಿ ಕೊಟ್ಟು ಕೂತಿದ್ದಾಳೆ. ನಾನು ಹೊರಗೆ ನೋಡುತ್ತ ಕುಳಿತೆ. ಆಸ್ಪತ್ರೆ ಬಂದದ್ದೂ ತಿಳಿಯಲಿಲ್ಲ.

ಮಗಳಿಗೆ ಸೂಜಿ ಹಾಕಿದ್ದು ನನ್ನ ಬಳಿಯೇ ಕಲಿತ ಸಿಸ್ಟರ್. ಚೆನ್ನಾಗಿ ಚುಚ್ಚಿದಳು. ಮಗಳು ಮುಖ ಕೂಡ ಕಿವುಚಲಿಲ್ಲ, ಮಂಡಕ್ಕಿ ಒಗ್ಗರಣಿ-ಮಿರ್ಚಿ ಕೊಡಿಸು ಅಂದಳು. ಸ್ವಲ್ಪ ಹೊತ್ತು ಇಲ್ಲೇ ಕೂರಬೇಕು ಎಂದು ಸಿಸ್ಟರ್ ಅವಳನ್ನು ಬೆಂಚಿಗೆ ಕಳಿಸಿದಳು. ಅವ್ವ ಮಾತ್ರ ಟೇಬಲ್ ಬಿಟ್ಟು ಕದಲಲಿಲ್ಲ. ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ಬೆರಳು ತೋರಿಸಿದಳು.

“ಇಕಿ ನನ್ನ ಮಗಳು ರೀ. ಇಕಿಗೂ ಒಂದು ಹಾಕ್ರಿ. ಆಗ ಕೇಳಿದ್ಳು, ನಾ ಬ್ಯಾಡಂದಿದ್ದೆ.”

ಮರೆತಿರುತ್ತಾಳೆ ಅಂದುಕೊಂಡಿದ್ದೆ. ಅವಳಿಗೂ ನೆನಪಿತ್ತು. ಸಿಸ್ಟರ್ ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

“ಮೇಡಮ್ಮರಿಗೆ ಈ ಸೂಜಿಯ ವಯಸ್ಸು ದಾಟ್ಯಾದ್ರಿ ಅಮ್ಮಾ. ಈಗ ಅವರಿಗೆ ಕ್ಯಾನ್ಸರ್ ತಪಾಸಣಿ ಮಾಡಸ್ಬೇಕು. ಮಾಡ್ಸಿರ್ತಾರ ಬಿಡ್ರಿ, ನಮಗ ಕಲಿಸಿದವರೇ ಅವರು.”

ಮಾಡಿಸಿರಲಿಲ್ಲ. ಮೂವತ್ತು ದಾಟಿದ ಹೆಂಗಸರೆಲ್ಲ ಮಾಡಿಸಬೇಕೆಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಆ ಹೆಂಗಸರಲ್ಲಿ ನಾನಿರುವುದಿಲ್ಲ. ಕೈಚೀಲದ ಜಿಪ್ಪು ಎಳೆಯತೊಡಗಿದೆ. ಅವ್ವನಿಗೆ ಅಷ್ಟು ಸಾಕಾಯಿತು. ನನ್ನ ಕೈಚೀಲ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗಳ ಪಕ್ಕ ಬೆಂಚಿನಲ್ಲಿ ಕುಳಿತಳು.

“ಹೋಗು. ನಾ ಇಲ್ಲೇ ಕುಂತಿರ್ತೀನಿ.”

ಹೋದೆ. ಪರದೆಯ ಹಿಂದೆ ಮಲಗಿದೆ. ಎಷ್ಟೋ ಹೆಂಗಸರಿಗೆ ಹೆದರಬೇಡಿ ಅಂದಿದ್ದೇನೆ, ನನಗೆ ನಾನೇ ಹೇಳಿಕೊಂಡರೆ ಅದು ನಾಟಲಿಲ್ಲ. ಹೊರಗೆ ಯಾರೋ ಹೆಣ್ಣುಮಗಳು ಬಂದು ಬೆಂಚಿನಲ್ಲಿ ಕುಳಿತ ಸದ್ದಾಯಿತು. ಯಾರಿಗೆ ತೋರಿಸಲು ಬಂದಿದ್ದೀರಿ ಎಂದು ಅವ್ವನನ್ನು ಕೇಳಿದಳು. ಅವ್ವ ದನಿ ತಗ್ಗಿಸಲಿಲ್ಲ.

“ನನ್ನ ಮಗಳು ಒಳಗ ಅದಾಳ್ರಿ. ಗರ್ಭಚೀಲದ ಬಾಯಿ ತೋರ್ಸಾಕ ಬಂದೀವಿ. ನೀವು ತೋರ್ಸೀರೇನು?”