ಶನಿವಾರದ ಜೀಪು

ಶನಿವಾರಸಂತೆಯಲ್ಲಿ ಸಂತೆ ಮುಗಿಸಿದ ಎಸ್ಟೇಟಿನ ಜೀಪು ಆಸ್ಪತ್ರೆಯ ಗೇಟಿಗೆ ಬಂದು ಹಾರ್ನ್ ಹೊಡೆದರೆ ನರ್ಸ್ ಸರ್ವಮಂಗಳಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಪೂರ್ತಿ ಗುಣವಾಗದ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ಹೊರಡುತ್ತಿದ್ದುದು ಆಗಲೇ.

ಆವತ್ತು ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಬಂದಿದ್ದ ಚೆಲುವಿ ಹೊರಟಿದ್ದಳು. ಮಗುವಿಗೆ ನ್ಯುಮೋನಿಯಾ; ಇಂಜೆಕ್ಷನ್ ಇನ್ನೂ ಮೂರು ದಿನ ಬಾಕಿ. ಡಾಕ್ಟರು ಬೇಡವೆಂದು ಹೇಳಿ ಸಾಕಾಗಿ, ಕೊನೆಗೆ ತನ್ನದೇ ಜವಾಬ್ದಾರಿಯ ಮೇಲೆ ಮಗುವನ್ನು ಕರೆದೊಯ್ಯುತ್ತಿದ್ದೇನೆಂದು ಸಹಿ ಹಾಕಬೇಕಾದ ಕಾಗದ ಕೊಟ್ಟು ಹೋಗಿದ್ದರು.

“ಈ ಜೀಪು ತಪ್ಪಿದ್ರೆ ಇನ್ನು ಮುಂದಿನ ಶನಿವಾರನೇ ಸಿಸ್ಟರ್,” ಎಂದಳು.

“ಲೈನಲ್ಲಿ ಅಂಥದ್ದೇನಿದೆ ನಿಂಗೆ?”

ಚೆಲುವಿ ತಲೆ ತಗ್ಗಿಸಿದಳು. “ದೊಡ್ಡವಳು. ಐದು ವರ್ಷ. ಪಕ್ಕದ ಮನೇಲಿ ಬಿಟ್ಟಿದ್ದೀನಿ. ನಾನಿಲ್ದೆ ಊಟನೇ ಮಾಡ್ತಿಲ್ವಂತೆ.”

ಇಷ್ಟು ವರ್ಷ ಎಲ್ಲರನ್ನೂ ಬೈದೇ ಕಳಿಸಿದ್ದ ಸರ್ವಮಂಗಳಮ್ಮ ಈ ಪ್ರಶ್ನೆಯನ್ನು ಯಾರನ್ನೂ ಕೇಳಿರಲಿಲ್ಲ. ಡ್ಯೂಟಿ ಮುಗಿದಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡರು.

“ನೀನು ಕೂತ್ಕೊ. ನಿನ್ನ ಸೀಟಲ್ಲಿ ನಾನು ಹೋಗ್ತೀನಿ. ಪಕ್ಕದ ಮನೆಯವ್ರಿಗೆ ಫೋನ್ ಮಾಡಿ ಹೇಳು.”

ಸಂಜೆ ತಮ್ಮ ಮಗನನ್ನು ಲೈನಿಗೇ ಕರೆಸಿಕೊಂಡು, ಅವನ ಬೈಕಿನಲ್ಲಿ ಹುಡುಗಿಯನ್ನು ಮಧ್ಯೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದರು. ಅವಳು ಅಮ್ಮನ ಕೈತುತ್ತನ್ನು ತಿಂದಳು. ತಟ್ಟೆಯ ಕೆಳಗೆ ಹಾಸಿದ್ದ ಆ ಕಾಗದದಲ್ಲಿ, ಸಹಿಗೆಂದು ಬಿಟ್ಟ ಜಾಗದ ಮೇಲೆ ಸಾರು ಚೆಲ್ಲಿತ್ತು.